ವಸ್ತುಪ್ರದರ್ಶನದಲ್ಲಿ ತಂತಿರಹಿತ ಧ್ವನಿ ಮಾರ್ಗದರ್ಶಿ: ಒಂದು ಅನುಭವ

(ಸಂಸ್ಥೆಯ ವಾರ್ಷಿಕ ಸಮಾರಂಭದ ಅಂಗವಾಗಿ ನಡೆದ ವಿಚಾರಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ಮುಂದಿನ ವರ್ಷ ನಮ್ಮ ಸಂಸ್ಥೆಯ ಶಾಲೆಗಳೆಲ್ಲ ಸೇರಿ ಒಂದು ದೊಡ್ಡ ವಸ್ತುಪ್ರದರ್ಶನ ಏರ್ಪಡಿಸಬೇಕೆಂಬ ಆಲೋಚನೆ ಇದೆಯೆಂದೂ, ಅದರಲ್ಲಿ ತಂತಿರಹಿತ ಆಡಿಯೋ ಗೈಡ್ ವ್ಯವಸ್ಥೆ ಅಳವಡಿಸುವುದು ಹೇಗೆಂದು ತಿಳಿಸಬೇಕೆಂದೂ ಕಾರ್ಯದರ್ಶಿಗಳು ನನ್ನನ್ನು ಕೇಳಿಕೊಂಡರು. ಪಾಲಿಟೆಕ್ನಿಕ್‌ನಲ್ಲಿ ಹಲವು ವರ್ಷ ಎಲೆಕ್ಟ್ರಾನಿಕ್ಸ್ ಪಾಠ ಮಾಡಿದವನು ನಾನು. ಆದರೆ ಈ ವಿಷಯ ನಾನು ಕಲಿತದ್ದು ತರಗತಿಯಲ್ಲಲ್ಲ, ಒಬ್ಬ ತಾಯಿಯಿಂದ. ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ವಸ್ತುಪ್ರದರ್ಶನಕ್ಕೆ ನಾನು ಸಲಹೆಗಾರನಾಗಿದ್ದೆ. ಹಳೆಯ ನಾಣ್ಯಗಳು, ಕೈಬರಹದ ಪುಸ್ತಕಗಳು, ಕೈಮಗ್ಗದ ಸಾಮಾನು, ವಿಜ್ಞಾನದ ಮಾದರಿಗಳು ಎಲ್ಲವನ್ನೂ ಮಕ್ಕಳು ಕಷ್ಟಪಟ್ಟು ಸಂಗ್ರಹಿಸಿದ್ದರು. ಪ್ರತಿಯೊಂದರ ಕೆಳಗೂ ಕನ್ನಡ ಮತ್ತು ಇಂಗ್ಲಿಷ್‌ನಲ್ಲಿ ಅಂದವಾದ ಫಲಕ. ಒಬ್ಬ ವಿದ್ಯಾರ್ಥಿಯ ತಾಯಿ ಬಂದರು. ಐದೇ ನಿಮಿಷದಲ್ಲಿ ಇಡೀ ಸಭಾಂಗಣ ಸುತ್ತಿ ಹೊರಗೆ ಹೊರಟರು. "ಇಷ್ಟು ಬೇಗ ನೋಡಿ ಆಯಿತೇನಮ್ಮಾ?" ಎಂದೆ. "ನೋಡಿದೆ ಸರ್, ಆದರೆ ಏನು ನೋಡಿದೆ ಅಂತ ಗೊತ್ತಾಗಲಿಲ್ಲ. ನನಗೆ ಓದೋಕೆ ಬರಲ್ಲ" ಎಂದರು. ಅವರ ಮಗನೇ ಬರೆದ ಫಲಕವೂ ಅಲ್ಲಿತ್ತು. ಅದನ್ನು ಅವರು ದಾಟಿಕೊಂಡು ಬಂದಿದ್ದರು.

ಶಿಕ್ಷಣ ಸಂಸ್ಥೆಯ ಪ್ರದರ್ಶನದಲ್ಲಿ ಓದಲು ಬಾರದವರಿಗೆ ಜಾಗವಿಲ್ಲ ಎಂದಾದರೆ ಆ ಪ್ರದರ್ಶನ ಯಾರಿಗಾಗಿ? ಈ ಪ್ರಶ್ನೆ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಧ್ವನಿವರ್ಧಕ ಹಾಕಿದರೆ ಸಾಲದೇ ಎಂದು ತಾವು ಕೇಳಬಹುದು. ನಿಮ್ಮಲ್ಲಿ ಬಹಳ ಮಂದಿ ವಿಜಯಪುರದ ಗೋಲಗುಮ್ಮಟ ನೋಡಿದ್ದೀರಿ. ಸುಮಾರು 38 ಮೀಟರ್ ಒಳವ್ಯಾಸದ ಆ ಗುಮ್ಮಟದ ಕೆಳಗಿನ ಮೊಗಸಾಲೆಯಲ್ಲಿ ಒಂದು ಪಿಸುಮಾತು ಎದುರು ಬದಿಗೆ ಕೇಳುತ್ತದೆ, ಒಂದು ಕೂಗು ಮತ್ತೆ ಮತ್ತೆ ಮರುದನಿಸುತ್ತದೆ. ಆದರೆ ಶಾಲಾ ಪ್ರವಾಸದ ಮಕ್ಕಳು ತುಂಬಿ ಕೂಗಾಡುವಾಗ ಪಕ್ಕದಲ್ಲೇ ನಿಂತ ಮಾರ್ಗದರ್ಶಿಯ ಮಾತು ಮಾತ್ರ ಕೇಳುವುದಿಲ್ಲ. ನಮ್ಮ ಸಭಾಂಗಣಗಳೂ ಸಣ್ಣ ಪ್ರಮಾಣದಲ್ಲಿ ಹೀಗೆಯೇ. ಬರಿಯ ಗೋಡೆ, ಕಲ್ಲಿನ ನೆಲ, ಎತ್ತರದ ಸೂರು. ಅಲ್ಲಿ ಮೂರು ಧ್ವನಿವರ್ಧಕ ಇಟ್ಟರೆ ಮೂರೂ ಒಂದನ್ನೊಂದು ಕೆಡಿಸುತ್ತವೆ. ಮಾತನ್ನು ಗಾಳಿಗೆ ಬಿಡದೆ ನೇರವಾಗಿ ಕೇಳುವವರ ಕಿವಿಗೇ ಮುಟ್ಟಿಸುವುದು ಆಡಿಯೋ ಗೈಡ್‌ನ ಉದ್ದೇಶ.

ಇದೇನೂ ಹೊಸ ವಿಚಾರವಲ್ಲ. 1952ರಲ್ಲೇ ಆಮ್‌ಸ್ಟರ್‌ಡ್ಯಾಮ್ ನಗರದ ಸ್ಟೆಡೆಲಿಕ್ ವಸ್ತುಸಂಗ್ರಹಾಲಯದಲ್ಲಿ ಇಂತಹ ವ್ಯವಸ್ಥೆ ಮಾಡಿದ್ದರು. ಕೋಣೆಯ ಸುತ್ತ ತಂತಿಯ ಸುರುಳಿ ಎಳೆದು, ಟೇಪಿನಲ್ಲಿ ಮುದ್ರಿಸಿದ ವಿವರಣೆಯನ್ನು ಅದರ ಮೂಲಕ ಬಿತ್ತರಿಸುತ್ತಿದ್ದರು. ವೀಕ್ಷಕರು ಒಂದು ಪುಟ್ಟ ರೇಡಿಯೋ ಹಿಡಿದು ಕೇಳುತ್ತಿದ್ದರು. ಅದರಲ್ಲಿದ್ದ ಕೊರತೆಯೆಂದರೆ, ಟೇಪು ಓಡಿದಂತೆ ಎಲ್ಲರೂ ಓಡಬೇಕು. ಒಂದು ಚಿತ್ರದ ಮುಂದೆ ಇನ್ನೂ ಸ್ವಲ್ಪ ಹೊತ್ತು ನಿಲ್ಲೋಣ ಎಂದವರಿಗೆ ಮುಂದಿನ ಮಾತು ತಪ್ಪಿಹೋಗುತ್ತಿತ್ತು. 1950ರ ದಶಕದ ಕೊನೆಯಲ್ಲಿ ಅಮೆರಿಕದ ಹೈಡ್ ಪಾರ್ಕ್‌ನಲ್ಲಿರುವ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಅವರ ಮನೆಗೆ ಅವರ ಪತ್ನಿ ಎಲಿನಾರ್ ಅವರ ಧ್ವನಿಯಲ್ಲೇ ವಿವರಣೆ ಮುದ್ರಿಸಿದರು. ಅದು ವೀಕ್ಷಕರು ಜೊತೆಯಲ್ಲೇ ಒಯ್ಯುವ ಯಂತ್ರ. ಆ ಮನೆಯಲ್ಲಿ ಬಾಳಿದವರೇ ಮನೆಯ ಬಗ್ಗೆ ಹೇಳಿದ್ದು ಅದರ ಹೆಚ್ಚುಗಾರಿಕೆ.

ಇಂದಿಗೂ ನಮ್ಮ ಮುಂದಿರುವ ಆಯ್ಕೆ ಇವೇ ಎರಡು. ಒಂದು, ಮಾರ್ಗದರ್ಶಿ ಮೈಕಿನಲ್ಲಿ ಮಾತಾಡುತ್ತಾ ಮುಂದೆ ಸಾಗುವುದು, ಗುಂಪು ರಿಸೀವರ್ ಹಾಕಿಕೊಂಡು ಜೊತೆಗೆ ಬರುವುದು. ಎರಡು, ವಿವರಣೆಯನ್ನು ಮೊದಲೇ ಮುದ್ರಿಸಿಟ್ಟು ವೀಕ್ಷಕರು ವಸ್ತುವಿನ ಸಂಖ್ಯೆ ಒತ್ತಿ ತಮಗೆ ಬೇಕಾದಾಗ ಕೇಳುವುದು. ಎರಡು ಮೂರು ದಿನ ನಡೆಯುವ ಶಾಲಾ ಪ್ರದರ್ಶನಕ್ಕೆ ಮೊದಲನೆಯದೇ ಸೂಕ್ತ. ಪ್ರಶ್ನೆಗೆ ಉತ್ತರ ಸಿಗುತ್ತದೆ, ಮಕ್ಕಳಿಗೆ ಮಾತಾಡುವ ಅಭ್ಯಾಸವೂ ಆಗುತ್ತದೆ. ಶಾಶ್ವತ ಸಂಗ್ರಹಾಲಯಕ್ಕೆ ಎರಡನೆಯದು ಒಳ್ಳೆಯದು.

ಇನ್ನು ಧ್ವನಿಯನ್ನು ಒಯ್ಯುವ ಬಗೆ. ಇದರಲ್ಲಿ ಮೂರು ವಿಧ. ಮೊದಲನೆಯದು ತಂತಿಸುರುಳಿ, ಅಂದರೆ ಇಂಡಕ್ಷನ್ ಲೂಪ್. 1831ರಲ್ಲಿ ಮೈಕಲ್ ಫ್ಯಾರಡೆ ಕಂಡುಹಿಡಿದ ವಿದ್ಯುತ್ಕಾಂತೀಯ ಪ್ರೇರಣೆಯೇ ಇದರ ತಳಹದಿ. ಕೋಣೆಯ ಸುತ್ತಲಿನ ತಂತಿಯಲ್ಲಿ ಧ್ವನಿಯ ವಿದ್ಯುತ್ತು ಹರಿದರೆ ಒಳಗಿನ ಕಾಂತಕ್ಷೇತ್ರ ಅದರಂತೆ ಬದಲಾಗುತ್ತದೆ, ರಿಸೀವರಿನ ಪುಟ್ಟ ಸುರುಳಿ ಅದನ್ನು ಮತ್ತೆ ಧ್ವನಿಯಾಗಿಸುತ್ತದೆ. ಶ್ರವಣಸಾಧನಗಳಲ್ಲಿ 'ಟಿ' ಎಂಬ ಸ್ಥಾನ ಇದ್ದರೆ ಅದು ಇದಕ್ಕಾಗಿಯೇ. ಎರಡನೆಯದು ಇನ್‌ಫ್ರಾರೆಡ್. ಇದು ಬೆಳಕಿನ ಜಾತಿಯದಾದ್ದರಿಂದ ಗೋಡೆ ದಾಟುವುದಿಲ್ಲ. ಪಕ್ಕದ ಕೋಣೆಯ ಮಾತು ಬೆರೆಯುವುದಿಲ್ಲ. ಆದರೆ ಬಿಸಿಲು ಬಿದ್ದರೆ ಕೆಲಸ ಕೆಡುತ್ತದೆ, ಶಾಮಿಯಾನಕ್ಕೆ ಹೇಳಿಸಿದ್ದಲ್ಲ. ಮೂರನೆಯದು ರೇಡಿಯೋ. ನಮಗೆ ಅನುಕೂಲವಾದದ್ದು ಇದೇ.

ಇಲ್ಲಿ ವಿದ್ಯಾರ್ಥಿಗಳಿಗೆ ಒಂದು ಎಚ್ಚರಿಕೆಯ ಮಾತು. ಅಗ್ಗದ ಎಫ್.ಎಂ. ಟ್ರಾನ್ಸ್‌ಮಿಟರ್ ಕಿಟ್ ತಂದು 88ರಿಂದ 108 ಮೆಗಾಹರ್ಟ್ಸ್ ಒಳಗೆ ಎಲ್ಲಿಯಾದರೂ ಬಿತ್ತರಿಸಿ, ಮೊಬೈಲಿನ ರೇಡಿಯೋದಲ್ಲಿ ಕೇಳಿಸಬಹುದಲ್ಲ ಎಂದು ನಿಮಗೆ ಅನ್ನಿಸಬಹುದು. ನನಗೂ ಅನ್ನಿಸಿತ್ತು. ಆದರೆ ಆ ಪಟ್ಟಿ ಆಕಾಶವಾಣಿಗೂ ಪರವಾನಗಿ ಪಡೆದ ಕೇಂದ್ರಗಳಿಗೂ ಮೀಸಲು. ಅನುಮತಿಯಿಲ್ಲದೆ ಅಲ್ಲಿ ಪ್ರಸಾರ ಮಾಡುವುದು ಕಾನೂನುಬಾಹಿರ. ನಮ್ಮ ದೇಶದಲ್ಲಿ 2.4 ಗಿಗಾಹರ್ಟ್ಸ್ ಪಟ್ಟಿ ಹಾಗೂ 865 ಮೆಗಾಹರ್ಟ್ಸ್‌ನಿಂದ ಆರಂಭವಾಗುವ ಒಂದು ಸಣ್ಣ ಪಟ್ಟಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಪರವಾನಗಿಯಿಂದ ಮುಕ್ತವಾಗಿವೆ. ಯುರೋಪಿಗಾಗಿ ತಯಾರಾದ ಯಂತ್ರಗಳು 863ರಿಂದ 865ರ ನಡುವೆಯೂ, ಅಮೆರಿಕದವು 72ರಿಂದ 76ರ ನಡುವೆಯೂ ಇರುವುದುಂಟು. ವಿದೇಶದಿಂದ ಬಂಧುಗಳು ಪ್ರೀತಿಯಿಂದ ತಂದುಕೊಟ್ಟ ಮಾತ್ರಕ್ಕೆ ಅವನ್ನು ಇಲ್ಲಿ ಬಳಸುವಂತಿಲ್ಲ. ಕೊಳ್ಳುವಾಗಲೂ ಬಾಡಿಗೆಗೆ ತರುವಾಗಲೂ ತರಂಗಾಂತರ ಯಾವುದು, ಭಾರತದಲ್ಲಿ ಅನುಮೋದನೆ ಇದೆಯೇ ಎಂಬ ಎರಡು ಪ್ರಶ್ನೆ ಕೇಳಿ. ಮೂರು ದಿನದ ಪ್ರದರ್ಶನಕ್ಕೆ ಬಾಡಿಗೆಯೇ ಸಾಕು. ಸಂಸ್ಥೆಯ ಹಣ ಉಳಿಯುತ್ತದೆ.

ಮರುವರ್ಷ ನಾವು ಹಾಗೆಯೇ 2.4 ಗಿಗಾಹರ್ಟ್ಸ್‌ನ ವ್ಯವಸ್ಥೆ ಬಾಡಿಗೆಗೆ ತಂದೆವು. ಕನ್ನಡದ ಗುಂಪಿಗೆ ಒಂದು, ಉರ್ದು ಗುಂಪಿಗೆ ಒಂದು, ಕೈಮೀರಿದರೆ ಇರಲೆಂದು ಇನ್ನೊಂದು, ಹೀಗೆ ಮೂರು ಟ್ರಾನ್ಸ್‌ಮಿಟರ್. ಗುಂಪಿಗೆ 30ರಂತೆ 60 ರಿಸೀವರ್, ಹೆಚ್ಚಿಗೆ ಆರು. ಹತ್ತಕ್ಕೆ ಒಂದು ಹೆಚ್ಚುವರಿ ಇರಬೇಕೆಂಬುದು ನನ್ನ ಲೆಕ್ಕ.

ಅಳವಡಿಸುವ ಕ್ರಮ ಹೀಗೆ. ಹಿಂದಿನ ದಿನವೇ ಒಬ್ಬರು ಮೈಕ್ ಹಿಡಿದು ಒಂದೆಡೆ ನಿಂತು ಓದುತ್ತಿರಬೇಕು, ಇನ್ನೊಬ್ಬರು ರಿಸೀವರ್ ಹಾಕಿಕೊಂಡು ಮೂಲೆ ಮೂಲೆಗೂ ಹೋಗಿ ಎಲ್ಲಿ ಮಾತು ತುಂಡಾಗುತ್ತದೆ ಎಂದು ನಕ್ಷೆಯಲ್ಲಿ ಗುರುತು ಹಾಕಬೇಕು. ಪೆಟ್ಟಿಗೆಯ ಮೇಲೆ ನೂರು ಮೀಟರ್ ಎಂದು ಬರೆದಿದ್ದರೆ ಅದು ಬಯಲಿನ ಮಾತು. ಖಾಲಿ ಸಭಾಂಗಣದಲ್ಲಿ ಸಿಕ್ಕಿದ್ದು ತುಂಬಿದ ಸಭಾಂಗಣದಲ್ಲಿ ಸಿಗುವುದಿಲ್ಲ. ಮನುಷ್ಯನ ಮೈಯಲ್ಲಿ ಹೆಚ್ಚಿನ ಪಾಲು ನೀರು, ಆ ನೀರು 2.4 ಗಿಗಾಹರ್ಟ್ಸ್ ಅಲೆಗಳನ್ನು ಹೀರಿಕೊಳ್ಳುತ್ತದೆ. ಆದ್ದರಿಂದ ಟ್ರಾನ್ಸ್‌ಮಿಟರನ್ನು ಜೇಬಿನೊಳಗೆ ಅಡಗಿಸದೆ ಎದೆಯ ಮೇಲೆ ನೇತುಹಾಕಿಕೊಳ್ಳಬೇಕು. ವೈ-ಫೈ ಕೂಡ ಇದೇ ಪಟ್ಟಿಯಲ್ಲಿರುವುದರಿಂದ ಅದರ ಪೆಟ್ಟಿಗೆಯ ಹತ್ತಿರ ನಿಲ್ಲಬಾರದು. ಎರಡು ಗುಂಪಿಗೂ ಬೇರೆ ಬೇರೆ ಚಾನೆಲ್ ಇಟ್ಟು, ಎರಡನ್ನೂ ಒಟ್ಟಿಗೆ ಚಾಲೂ ಮಾಡಿಯೇ ಪರೀಕ್ಷಿಸಬೇಕು. ಚಾನೆಲ್ ಬದಲಿಸುವ ಗುಂಡಿಯನ್ನು ಲಾಕ್ ಮಾಡದಿದ್ದರೆ ಮಕ್ಕಳ ಬೆರಳು ಸುಮ್ಮನಿರುವುದಿಲ್ಲ.

ಎಲ್ಲವನ್ನೂ ರಾತ್ರಿಯೇ ಚಾರ್ಜ್‌ಗೆ ಹಾಕಬೇಕು. ಕರೆಂಟ್ ಹೋಗುವ ನಮ್ಮ ಊರುಗಳಲ್ಲಿ ಬ್ಯಾಟರಿಯ ವ್ಯವಸ್ಥೆ ದೊಡ್ಡ ಉಪಕಾರವೇ ಸರಿ. ದೀಪ ಆರಿದರೂ ಮಾತು ನಿಲ್ಲುವುದಿಲ್ಲ. ಹೊರಬಾಗಿಲ ಹತ್ತಿರ ಒಂದು ಮೇಜು, ಸಂಖ್ಯೆ ಹಾಕಿದ ಟೋಕನ್, ಒಂದು ದಾಖಲೆ ಪುಸ್ತಕ ಇದ್ದರೆ ರಿಸೀವರ್ ಕಳೆಯುವುದಿಲ್ಲ. ಪ್ರತಿ ಸಲ ಕಿವಿಗೆ ತಾಗುವ ಭಾಗವನ್ನು ಒರೆಸಿಯೇ ಮುಂದಿನವರಿಗೆ ಕೊಡಬೇಕು. ಇನ್ನೊಂದು ಸಂಗತಿ ನಮಗೆ ಮೊದಲು ಹೊಳೆದಿರಲಿಲ್ಲ. ಕಿವಿಗೆ ಸಿಕ್ಕಿಸುವ ಇಯರ್‌ಫೋನ್, ತಲೆಗೆ ಬಟ್ಟೆ ಹೊದ್ದ ಹೆಣ್ಣುಮಕ್ಕಳಿಗೆ ಕಷ್ಟ. ಎಲ್ಲರ ನಡುವೆ ಬಟ್ಟೆ ಸರಿಸಿಕೊಳ್ಳಲು ಸಂಕೋಚಪಟ್ಟು ಕೆಲವರು ರಿಸೀವರೇ ಬೇಡವೆಂದರು. ಕೊರಳಿಗೆ ನೇತುಹಾಕಿಕೊಂಡು ಬೇಕಾದಾಗ ಫೋನಿನಂತೆ ಬಟ್ಟೆಯ ಮೇಲೆಯೇ ಕಿವಿಗೆ ಹಿಡಿಯುವ ಮಾದರಿಯೂ ಸಿಗುತ್ತದೆ. ಮರುದಿನ ಹದಿನೈದು ಅಂಥವನ್ನು ತರಿಸಿದೆವು.

ಈಗ ವಿವರಣೆ ಬರೆಯುವ ಬಗ್ಗೆ. ಫಲಕದ ಬರಹವನ್ನೇ ಓದಿದರೆ ಅದು ಆಡಿಯೋ ಗೈಡ್ ಆಗುವುದಿಲ್ಲ. ಒಂದು ವಸ್ತುವಿಗೆ ಒಂದೂವರೆ ನಿಮಿಷ ಮೀರಬಾರದು, ನಿಂತವರ ಕಾಲು ನೋಯುತ್ತದೆ. ಮೊದಲು ಕಣ್ಣು ಎಲ್ಲಿ ನೋಡಬೇಕೆಂದು ಹೇಳಿ, ಆಮೇಲೆ ಕಥೆ ಹೇಳಿ. "ನಿಮ್ಮ ಎಡಗಡೆ, ಅಂಚು ಸವೆದ ತಾಮ್ರದ ನಾಣ್ಯ ನೋಡಿ" ಎಂಬುದು ಒಳ್ಳೆಯ ಆರಂಭ. ಹೀಗೆ ಬಣ್ಣ, ಗಾತ್ರ, ಆಕಾರ ಸೇರಿಸಿ ಹೇಳಿದರೆ ಕಣ್ಣು ಕಾಣದವರಿಗೂ ಅದೇ ವಿವರಣೆ ಉಪಯೋಗಕ್ಕೆ ಬರುತ್ತದೆ. ಉರ್ದು ವಿವರಣೆಯನ್ನು ಪುಸ್ತಕದ ಭಾಷೆಯಲ್ಲಿ ಬರೆಯದೆ ಮನೆಯಲ್ಲಿ ಅಜ್ಜಿಯರು ಆಡುವ ಮಾತಿನಲ್ಲಿ ಬರೆಸಿದೆವು.

ಇಷ್ಟೆಲ್ಲ ಸಿದ್ಧತೆ ಮಾಡಿದರೂ ಎರಡನೆಯ ದಿನ ಒಂದು ಘಟನೆ ನಡೆಯಿತು. ಅದನ್ನು ಮುಚ್ಚಿಟ್ಟರೆ ಈ ಭಾಷಣ ಅಪೂರ್ಣ.

ಒಬ್ಬ ಚುರುಕಾದ ಹುಡುಗ ಮಾರ್ಗದರ್ಶಿಯಾಗಿದ್ದ. ಬಂದಿದ್ದವರು ಹೆಚ್ಚಾಗಿ ತಾಯಂದಿರು, ಅಜ್ಜಿಯರು. ಒಂದು ಮೇಜಿನ ವಿವರಣೆ ಮುಗಿಸಿ ಅವನು ಸ್ವಲ್ಪ ದೂರ ಹೋಗಿ ಗೆಳೆಯನ ಹತ್ತಿರ, "ಇವರಿಗೆ ಏನು ಹೇಳಿದರೂ ಅಷ್ಟೇ ಕಣೋ, ತಲೆಗೆ ಹೋಗಲ್ಲ" ಎಂದ. ಮೈಕ್ ಆಫ್ ಮಾಡಲು ಮರೆತಿದ್ದ. ಆ ಮಾತು ಸುಮಾರು ಮೂವತ್ತು ಜನರ ಕಿವಿಯೊಳಗೆ, ಸ್ಪಷ್ಟವಾಗಿ, ಪಿಸುಮಾತಿನಷ್ಟು ಹತ್ತಿರದಿಂದ ಬಿತ್ತು. ನಾನೂ ರಿಸೀವರ್ ಹಾಕಿಕೊಂಡು ಹಿಂದೆ ನಿಂತಿದ್ದೆ. ಯಾರೂ ಮಾತಾಡಲಿಲ್ಲ. ಹಿಂದಿನ ವರ್ಷ ಐದು ನಿಮಿಷದಲ್ಲಿ ಹೊರಟುಹೋಗಿದ್ದ ಆ ತಾಯಿಯೂ ಗುಂಪಿನಲ್ಲಿದ್ದರು. ಅವರು ರಿಸೀವರನ್ನು ಕೊರಳಿನಿಂದ ತೆಗೆದು ಕೈಯಲ್ಲಿ ಹಿಡಿದುಕೊಂಡರು.

ಹುಡುಗನಿಗೆ ಯಾರೋ ಸನ್ನೆ ಮಾಡಿದರು. ಅವನ ಮುಖ ಬಿಳಿಚಿಕೊಂಡಿತು. ಅವನನ್ನು ಬದಲಾಯಿಸಿ ಬೇರೊಬ್ಬನನ್ನು ಕಳಿಸೋಣವೆಂದು ನಾನು ಮುಂದೆ ಹೋದೆ. ಅಷ್ಟರಲ್ಲಿ ಅವನೇ ಅದೇ ಮೈಕಿನಲ್ಲಿ, "ನಾನು ತಪ್ಪು ಮಾತಾಡಿದೆ. ಮಾಫ್ ಮಾಡಿ. ಈ ಮೇಜಿನದನ್ನು ಇನ್ನೊಂದು ಸಲ ಹೇಳುತ್ತೇನೆ" ಎಂದ. ನಿಧಾನವಾಗಿ, ಕಠಿಣ ಪದಗಳನ್ನು ಬಿಟ್ಟು ಹೇಳಿದ. ಆ ತಾಯಿ ಕೈಯಲ್ಲಿದ್ದ ರಿಸೀವರನ್ನು ಮತ್ತೆ ಕಿವಿಗೆ ಹಿಡಿದರು. ಕೊನೆಗೆ ಅಜ್ಜಿಯೊಬ್ಬರು ಅವನನ್ನು ಮಗ್ಗದ ಲಾಳಿಯ ಬಗ್ಗೆ ಒಂದು ಪ್ರಶ್ನೆ ಕೇಳಿದರು. ಅವನಿಗೆ ಉತ್ತರ ಗೊತ್ತಿರಲಿಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದ ಆ ಅಜ್ಜಿಗೇ ಗೊತ್ತಿತ್ತು! ಅವನು ತನ್ನ ಕೊರಳಿನ ಮೈಕನ್ನು ತೆಗೆದು ಅವರ ಬಾಯಿಯ ಹತ್ತಿರ ಹಿಡಿದ. ಎಲ್ಲರೂ ಕೇಳಿದರು.

ಆ ದಿನದಿಂದ ನನ್ನ ಪಟ್ಟಿಯಲ್ಲಿ ಎರಡು ನಿಯಮ ಸೇರಿವೆ. ಒಂದು ತಾಂತ್ರಿಕ: ವಿವರಣೆ ಮುಗಿದ ಕೂಡಲೇ ಮೈಕ್ ಆಫ್, ಒಬ್ಬ ಸ್ವಯಂಸೇವಕ ಸದಾ ರಿಸೀವರ್ ಹಾಕಿಕೊಂಡೇ ಇರಬೇಕು. ಇನ್ನೊಂದು, ಮೈಕ್ ಆಫ್ ಆಗಿದ್ದಾಗಲೂ ಕೇಳುವವರ ಬಗ್ಗೆ ಗೌರವದಿಂದಲೇ ಮಾತಾಡಬೇಕು. ಮೊದಲನೆಯದನ್ನು ಮರೆತರೂ ಎರಡನೆಯದು ನಮ್ಮನ್ನು ಕಾಪಾಡುತ್ತದೆ.

ಈಗ ಎಲ್ಲರ ಕೈಯಲ್ಲೂ ಸ್ಮಾರ್ಟ್‌ಫೋನ್ ಇದೆ, ಕ್ಯೂಆರ್ ಸಂಕೇತ ಅಂಟಿಸಿದರೆ ಸಾಲದೇ ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಒಳ್ಳೆಯ ಮಾರ್ಗವೇ, ಖರ್ಚೂ ಕಡಿಮೆ. ಬ್ಲೂಟೂತ್‌ನಲ್ಲೂ ಒಂದೇ ಮೂಲದಿಂದ ಅನೇಕರು ಕೇಳಬಹುದಾದ ಔರಾಕಾಸ್ಟ್ ಎಂಬ ವ್ಯವಸ್ಥೆಯನ್ನು 2022ರಲ್ಲಿ ಪ್ರಕಟಿಸಿದ್ದಾರೆ; ಮುಂದೆ ಶ್ರವಣಸಾಧನದವರಿಗೂ ಅದರಿಂದ ಅನುಕೂಲವಾಗಲಿದೆ. ಆದರೆ ಆ ತಾಯಿಯ ಕೈಯಲ್ಲಿದ್ದದ್ದು ಗುಂಡಿಯ ಫೋನು. ಫೋನಿನ ವ್ಯವಸ್ಥೆ ಮಾಡಿದರೂ ಮೇಜಿನ ಮೇಲೆ ಹತ್ತು ರಿಸೀವರ್ ಇರಲಿ, ಪಕ್ಕದಲ್ಲಿ ಒಬ್ಬ ವಿದ್ಯಾರ್ಥಿಯೂ ಇರಲಿ.

ಮಿತ್ರರೇ, ಮುಂದಿನ ವರ್ಷದ ಪ್ರದರ್ಶನಕ್ಕೆ ಸಮಿತಿ ರಚಿಸುವಾಗ ಉಪಕರಣದ ಪಟ್ಟಿ ಮಾಡುವ ಮೊದಲು ಬರುವವರ ಪಟ್ಟಿ ಮಾಡಿರೆಂದು ನನ್ನ ವಿನಂತಿ. ಓದಲು ಬಾರದವರು ಎಷ್ಟು ಮಂದಿ, ಕಿವಿ ಮಂದವಾದವರು ಎಷ್ಟು ಮಂದಿ, ಕಣ್ಣು ಕಾಣದವರು ಯಾರು, ಯಾರ ಮನೆಮಾತು ಯಾವುದು ಎಂಬುದನ್ನು ಬರೆದುಕೊಳ್ಳಿ. ಎಷ್ಟು ಚಾನೆಲ್, ಎಷ್ಟು ರಿಸೀವರ್ ಎಂಬ ಲೆಕ್ಕ ಆಮೇಲೆ ತಾನಾಗಿಯೇ ಬರುತ್ತದೆ.

ಆ ವರ್ಷ ಆ ತಾಯಿ ಪ್ರದರ್ಶನದಲ್ಲಿ ಒಂದು ಗಂಟೆಗೂ ಮಿಕ್ಕಿ ಇದ್ದರು. ಮಗನ ಮೇಜಿನ ಮುಂದೆ ಎರಡು ಸಲ ನಿಂತರು. ಹೊರಡುವಾಗ ರಿಸೀವರ್ ಮರಳಿಸಿ ಟೋಕನ್ ತೆಗೆದುಕೊಂಡು, "ಈ ಸಲ ನೋಡಿದೆ ಸರ್" ಎಂದರು.