ತಾಯಂದಿರಿಟ್ಟ ಹೆಸರು

ಬಾಳೆಲ್ಲ ಪದಗಳ ಮೂಲವನ್ನು ಕೆದಕುತ್ತ ಬಂದ ನನ್ನಂಥ ಭಾಷೆಯ ಮೇಷ್ಟ್ರನ್ನು ವೈದ್ಯಗ್ರಂಥದ ಒಂದು ಪದ ಬಹುಕಾಲದಿಂದ ಕಾಡುತ್ತಿದೆ: ಕ್ವಾಷಿಯೋರ್ಕರ್. ಅದು ಲ್ಯಾಟಿನ್ನೂ ಅಲ್ಲ, ಗ್ರೀಕೂ ಅಲ್ಲ. ಇಂದಿನ ಘಾನಾ ದೇಶದ ಗಾ ಜನರ ನುಡಿ. ಬೆನ್ನಿಗೇ ಇನ್ನೊಂದು ಕೂಸು ಹುಟ್ಟಿದಾಗ ದೊಡ್ಡ ಮಗುವಿಗೆ ಬರುವ ಬೇನೆ ಎಂದು ಅದರ ಅರ್ಥ. ಎದೆಹಾಲು ತಪ್ಪಿ, ಬರಿಯ ಮೆಕ್ಕೆಜೋಳದ ಗಂಜಿಯ ಪಾಲಾದ ಮಗುವಿನ ಕೈಕಾಲು ಬಾತುಕೊಳ್ಳುತ್ತವೆ, ಚರ್ಮ ಸುಲಿಯುತ್ತದೆ. ಅಲ್ಲಿ ಸೇವೆಯಲ್ಲಿದ್ದ ವೈದ್ಯೆ ಸಿಸಿಲಿ ವಿಲಿಯಮ್ಸ್ 1933ರಲ್ಲಿ ಇದನ್ನು ವರ್ಣಿಸಿದಾಗ, ಇದು ಪೆಲಾಗ್ರವೇ ಸರಿ ಎಂಬ ವಾದವೆದ್ದಿತು. ಆಕೆ 1935ರಲ್ಲಿ ತಾಯಂದಿರ ಪದವನ್ನೇ ಲ್ಯಾನ್ಸೆಟ್ ಪತ್ರಿಕೆಗೆ ಕೊಂಡೊಯ್ದರು. ರೋಗ ಎಲ್ಲಿಂದ ಮೊದಲಾಗುತ್ತದೆಂಬ ಸುಳಿವು ಆ ಹೆಸರಿನಲ್ಲಿಯೇ ಇತ್ತು.

ಗ್ರಂಥವನ್ನು ನೆಲದ ಮೇಲೆ ಒರೆಹಚ್ಚುವ ಅಗತ್ಯ ಅಲ್ಲಿಗೇ ಮುಗಿಯಲಿಲ್ಲ. ತೀವ್ರ ಜ್ವರದಲ್ಲಿ ರಕ್ತಸಂಚಾರ ಕುಂದಿದ ಮಗುವಿಗೆ ರಕ್ತನಾಳದ ಮೂಲಕ ಬೇಗಬೇಗನೆ ದ್ರವ ಹರಿಸಬೇಕೆಂದು ಸಿರಿವಂತ ದೇಶಗಳ ಪಾಠ ಹೇಳುತ್ತಿತ್ತು. ಕೀನ್ಯ, ಉಗಾಂಡ, ಟಾಂಜಾನಿಯಗಳ 3,141 ಮಕ್ಕಳಲ್ಲಿ ಈ ಪಾಠವನ್ನು ಪರೀಕ್ಷಿಸಿದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಹಾಗೆ ದ್ರವ ಪಡೆದವರಲ್ಲಿ ಎರಡು ದಿನದೊಳಗೆ ನೂರಕ್ಕೆ 10ಕ್ಕಿಂತ ಹೆಚ್ಚು ಮಕ್ಕಳು ತೀರಿಕೊಂಡರು. ಪಡೆಯದವರಲ್ಲಿ ಸುಮಾರು 7 ಮಂದಿ.

ಒಳ್ಳೆಯ ಮನಸ್ಸಿನಿಂದ ಕಲಿಸಿದ ಪಾಠವೂ ಕೊಲ್ಲಬಲ್ಲುದು. ಕಲಿಸುವುದನ್ನೇ ಕಸುಬಾಗಿಸಿಕೊಂಡಿದ್ದ ನನ್ನನ್ನು ಈ ಲೆಕ್ಕ ಅಂಜಿಸಿತು. ಆಫ್ರಿಕದ ವೈದ್ಯವಿದ್ಯಾರ್ಥಿಗೆ ಗ್ರಂಥ ಬೇಕು, ನಿಜ. ಅದರ ಕೆಲವು ಪುಟಗಳಾದರೂ ಅವನ ಊರಿನ ಮಗುವಿನ ಹಾಸಿಗೆಯ ಪಕ್ಕದಲ್ಲಿ, ಅದರ ತಾಯಿಯ ಮಾತಿಗೆ ಕಿವಿಗೊಟ್ಟು ಬರೆದವಾಗಿರಬೇಕು.