ಟ್ರೈ ಬೈಕ್ ಬೇಕಾ, ರೋಡ್ ಬೈಕ್ ಸಾಕಾ?

ಇವತ್ತಿನ ಸಂಚಿಕೆಗೆ ಕಾರಣ ಒಂದು ವಾಟ್ಸಾಪ್ ವಾಯ್ಸ್ ನೋಟ್. ತುಮಕೂರಿನ ಕೇಳುಗರೊಬ್ಬರು ಕಳಿಸಿದ್ದು. "ಸರ್, ಗೋವಾದಲ್ಲಿ ನಡೆಯೋ ಐರನ್‌ಮ್ಯಾನ್ 70.3 ಮಾಡ್ಬೇಕು ಅಂತಿದೀನಿ. ಕೈಯಲ್ಲಿ ಒಂದೇ ಸೈಕಲ್ಲಿಗೆ ಆಗೋಷ್ಟು ದುಡ್ಡಿದೆ. ರೋಡ್ ಬೈಕ್ ತಗೊಳ್ಲಾ, ಟ್ರೈ ಬೈಕ್ ತಗೊಳ್ಲಾ?" ಉತ್ತರ ಟೈಪ್ ಮಾಡಿದೆ, ಅಳಿಸಿದೆ, ಮತ್ತೆ ಟೈಪ್ ಮಾಡಿದೆ. ಯಾಕಂದ್ರೆ ಇದೇ ಪ್ರಶ್ನೆಗೆ ತಪ್ಪು ಉತ್ತರ ಹುಡುಕ್ಕೊಂಡು ಎಡಗಡೆ ಕಾಲರ್ ಬೋನ್ ಮುರ್ಕೊಂಡವನು ನಾನು.

ಹೊಸಬರಿಗೆ ಒಂದು ಮಾತು. ಇಲ್ಲಿ ಬೈಕ್ ಅಂದ್ರೆ ಬುಲೆಟ್ಟು, ಪಲ್ಸರ್ ಅಲ್ಲ, ಸೈಕಲ್. ಟ್ರೈ ಬೈಕ್ ಅಂದ್ರೆ ಮೂರು ಚಕ್ರದ್ದೂ ಅಲ್ಲ. ನಮ್ಮಮ್ಮ ಹಾಗೇ ಅಂದ್ಕೊಂಡು, "ಅಷ್ಟು ದುಡ್ಡು ಕೊಟ್ಟು ಮಕ್ಕಳ ಸೈಕಲ್ ತಂದ್ಯಾ" ಅಂದಿದ್ರು.

70.3 ಅಂದ್ರೆ 1.9 ಕಿಲೋಮೀಟರ್ ಈಜು, 90 ಕಿಲೋಮೀಟರ್ ಸೈಕಲ್, ಆಮೇಲೆ 21.1 ಕಿಲೋಮೀಟರ್ ಓಟ. ಈ 90 ಕಿಲೋಮೀಟರನ್ನ ಇನ್ನೊಬ್ಬರ ಬೆನ್ನ ಹಿಂದೆ ಗಾಳಿ ಮರೆಯಲ್ಲಿ ಹೊಡೆಯೋ ಹಾಗಿಲ್ಲ. ಅಂತರ ಬಿಡಬೇಕು, ಇಲ್ಲಾಂದ್ರೆ ಪೆನಾಲ್ಟಿ. ಗಾಳಿನ ನೀವೊಬ್ಬರೇ ಸೀಳ್ಕೊಂಡು ಹೋಗ್ಬೇಕು. ಟ್ರೈ ಬೈಕ್ ಹುಟ್ಟಿದ್ದೇ ಇದಕ್ಕೆ. ಸೀಟು ಮುಂದಕ್ಕೆ ಬಂದಿರುತ್ತೆ, ಮೊಣಕೈ ಎರಡೂ ಪ್ಯಾಡ್ ಮೇಲೆ, ಕೈಗಳು ಮುಂದಕ್ಕೆ ಚಾಚಿರ್ತವೆ, ಬೆನ್ನು ನೆಲಕ್ಕೆ ಸಮ. ಸೈಕಲ್ ಮೇಲೆ ಗಾಳಿ ತಡೆಯೋದು ಹೆಚ್ಚಾಗಿ ಫ್ರೇಮ್ ಅಲ್ಲ, ನಮ್ಮ ದೇಹ. ವೇಗ ಎರಡು ಪಟ್ಟಾದ್ರೆ ಗಾಳಿಯ ತಡೆ ನಾಲ್ಕು ಪಟ್ಟು, ಅದನ್ನ ದೂಡೋಕೆ ಬೇಕಾದ ಶಕ್ತಿ ಎಂಟು ಪಟ್ಟು. ಹಾಗಾಗಿ ಎದೆ ತಗ್ಗಿಸಿದಷ್ಟೂ ಲಾಭ.

ಎಷ್ಟು ಲಾಭ? 1989ರ ಟೂರ್ ಡಿ ಫ್ರಾನ್ಸ್ ನೆನಪಿಸಿಕೊಳ್ಳಿ. ಕೊನೆಯ ದಿನ, ವರ್ಸೈನಿಂದ ಪ್ಯಾರಿಸ್‌ಗೆ 24.5 ಕಿಲೋಮೀಟರ್ ಟೈಮ್ ಟ್ರಯಲ್. ಅಮೆರಿಕದ ಗ್ರೆಗ್ ಲೆಮಾಂಡ್ 50 ಸೆಕೆಂಡ್ ಹಿಂದಿದ್ದ. ಟ್ರಯಾಥ್ಲಾನ್‌ನವರು ಬಳಸ್ತಿದ್ದ ಏರೋ ಬಾರ್ ಹಾಕ್ಕೊಂಡು ಬಂದ. ಫ್ರಾನ್ಸಿನ ಲಾರೆಂಟ್ ಫಿನ್ಯೋನ್ ಏರೋ ಬಾರ್ ಇಲ್ಲದೆ, ಹೆಲ್ಮೆಟ್ ಕೂಡ ಇಲ್ಲದೆ ಓಡಿಸಿದ. ಮೂರು ವಾರದ ರೇಸ್‌ನ ಲೆಮಾಂಡ್ ಬರೀ 8 ಸೆಕೆಂಡಲ್ಲಿ ಗೆದ್ದ.

ಈ ಕಥೆ ಓದಿ ತಲೆ ಕೆಟ್ಟವರಲ್ಲಿ ನಾನೂ ಒಬ್ಬ. ಎರಡು ವರ್ಷ ಕೂಡಿಟ್ಟ ದುಡ್ಡು, ಇದ್ದ ರೋಡ್ ಬೈಕ್ ಮಾರಿದ ದುಡ್ಡು ಎಲ್ಲ ಸೇರಿಸಿ ಸೆಕೆಂಡ್ ಹ್ಯಾಂಡ್ ಟ್ರೈ ಬೈಕ್ ತಂದೆ. ನಮ್ಮ ಗುಂಪಲ್ಲಿ ವಿಜಯಪುರದ ಒಬ್ಬ ಅಣ್ಣ ಇದ್ರು. ಸೈಕ್ಲಿಂಗ್‌ಗೆ ಹೆಸರಾದ ಊರು ನೋಡಿ, ಅವರು ಹುಡುಗರಾಗಿದ್ದಾಗಿಂದ ರೇಸ್ ಹೊಡೆದವರು. ಸೈಕಲ್ ಸುತ್ತ ಒಂದು ಸುತ್ತು ಬಂದು ಕೇಳಿದ್ರು, "ಛಲೋ ಐತಿ ತಮ್ಮಾ. ನಾಯಿ ಅಡ್ಡ ಬಂದ್ರ ಬ್ರೇಕ್ ಎಲ್ಲೈತಿ?"

ನಾನು ನಕ್ಕೆ. ಆದ್ರೆ ಇಡೀ ವಿಷಯ ಇರೋದೇ ಅಲ್ಲಿ. ರೋಡ್ ಬೈಕಲ್ಲಿ ಗೇರು, ಬ್ರೇಕು ಎರಡೂ ಒಂದೇ ಕಡೆ, ಬೆರಳ ತುದಿಯಲ್ಲೇ. ಟ್ರೈ ಬೈಕಲ್ಲಿ ಗೇರ್ ಇರೋದು ಚಾಚಿದ ಬಾರ್ ತುದಿಗೆ, ಬ್ರೇಕ್ ಇರೋದು ಪಕ್ಕದ ಹ್ಯಾಂಡಲ್‌ಗೆ. ಬ್ರೇಕ್ ಹಿಡೀಬೇಕಂದ್ರೆ ಕೈ ಎತ್ತಿ ಅಲ್ಲಿಗೆ ತರಬೇಕು. ಗಂಟೆಗೆ 36 ಕಿಲೋಮೀಟರ್ ಅಂದ್ರೆ ಸೆಕೆಂಡಿಗೆ 10 ಮೀಟರ್.

ದೇವನಹಳ್ಳಿ ಕಡೆ ಸರ್ವಿಸ್ ರಸ್ತೆ, ಬೆಳಗಿನ ಜಾವ. ನಾಯಿ ಎಡಗಡೆಯಿಂದ ಬಂತು. ನಾನು ಬಲಗೈ ಎತ್ತಿದ್ದು ನೆನಪಿದೆ, ಅಷ್ಟೇ. ನಾಯಿಗೆ ಏನೂ ಆಗಲಿಲ್ಲ. ಎಳನೀರು ಮಾರೋಕೆ ಹೊರಟಿದ್ದವರು ಗಾಡಿ ನಿಲ್ಲಿಸಿ ನನ್ನನ್ನ ಕೂರಿಸಿದ್ರು. ಆ ವರ್ಷದ ರೇಸ್ ಹೋಯ್ತು. ಎರಡು ತಿಂಗಳು ಅಮ್ಮನೇ ಶರ್ಟ್ ಗುಂಡಿ ಹಾಕಿದ್ರು.

ನಿಜ ಹೇಳ್ಬೇಕಂದ್ರೆ ಬೀಳೋದಕ್ಕೆ ಮುಂಚೆನೇ ಆ ಸೈಕಲ್ ನನ್ನ ಟ್ರೇನಿಂಗ್ ಹಾಳು ಮಾಡಿತ್ತು. ಗುಂಪಲ್ಲಿ ಹೋಗುವಾಗ ಏರೋ ಬಾರ್ ಮೇಲೆ ಮಲಗೋ ಹಾಗಿಲ್ಲ, ಹಿಂದೆ ಇರೋರ ಜೀವಕ್ಕೇ ಅಪಾಯ. ಹಾಗಾಗಿ ಗುಂಪು ಬಿಟ್ಟೆ. ನಂದಿ ಬೆಟ್ಟ ಹತ್ತೋವಾಗ ವೇಗ ಕಡಿಮೆ, ಅಲ್ಲಿ ಏರೋ ಏನೂ ಕೆಲಸಕ್ಕೆ ಬರಲ್ಲ. ಇಳಿಯೋವಾಗ ಒಂದೊಂದು ತಿರುವಿಗೂ ಎದೆ ಡವಡವ. ಬೆಟ್ಟನೂ ಬಿಟ್ಟೆ. ವಾರಕ್ಕೆ ನಾಲ್ಕು ದಿನ ಸವಾರಿ ಮಾಡ್ತಿದ್ದವನು ಎರಡು ದಿನಕ್ಕೆ ಇಳಿದೆ. ಗಾಳಿಯಲ್ಲಿ ಉಳಿಸಿದ ನಿಮಿಷಗಳನ್ನ ಕಾಲಲ್ಲಿ ಕಳ್ಕೊಂಡೆ. ಇನ್ನೊಂದು ಗೊತ್ತಾ? ಒಲಿಂಪಿಕ್ಸ್ ಟ್ರಯಾಥ್ಲಾನ್‌ನಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗೋಕೆ ಅವಕಾಶ ಇದೆ. ಹಾಗಾಗಿ ಅಲ್ಲಿ ಓಡಿಸೋದು ರೋಡ್ ಬೈಕನ್ನೇ!

ಈಗ ತುಮಕೂರಿನ ಗೆಳೆಯರಿಗೆ. ರೋಡ್ ಬೈಕ್ ತಗೊಳ್ಳಿ. ನಿಮ್ಮ ಅಳತೆಗೆ ಸರಿಯಾದ ಫ್ರೇಮ್ ನೋಡಿ, ಆಫರ್ ಇದೆ ಅಂತ ದೊಡ್ಡ ಸೈಜ್ ತರಬೇಡಿ. ರೇಸ್‌ಗೆ ಎರಡು ತಿಂಗಳಿರೋವಾಗ ಕ್ಲಿಪ್ ಆನ್ ಏರೋ ಬಾರ್ ಹಾಕಿಸಿ, ಆದಷ್ಟೂ ಗಿಡ್ಡದ್ದು. ಉದ್ದದ್ದು ಹಾಕಿದ್ರೆ ಮೈ ಚಾಚಿ ಸೊಂಟ ಹಿಡ್ಕೊಳ್ಳುತ್ತೆ. ಮೊದಲು ಮನೆಯಲ್ಲಿ ಟ್ರೇನರ್ ಮೇಲೆ ಹತ್ತು ನಿಮಿಷ, ಇಪ್ಪತ್ತು ನಿಮಿಷ ಅಂತ ಅಭ್ಯಾಸ ಮಾಡಿ. ಆಮೇಲೆ ಖಾಲಿ, ನೇರ ರಸ್ತೆ. ಇಳಿದ ತಕ್ಷಣ ಎರಡು ಕಿಲೋಮೀಟರ್ ಓಡಿ ನೋಡಿ, ಸೊಂಟ ಏನು ಹೇಳುತ್ತೆ ಅಂತ. ಈಗಾಗಲೇ ರೋಡ್ ಬೈಕ್ ಇದ್ದು, ಎರಡು ಮೂರು ರೇಸ್ ಮುಗಿಸಿ, ಇನ್ನೂ ಹತ್ತು ನಿಮಿಷ ಕಡಿಮೆ ಮಾಡ್ಬೇಕು ಅನ್ನೋರು ಟ್ರೈ ಬೈಕ್ ನೋಡಲಿ, ನಾನು ಬೇಡ ಅನ್ನಲ್ಲ.

ನನ್ನ ಟ್ರೈ ಬೈಕ್ ಈಗ ರೂಮಲ್ಲಿ ಟ್ರೇನರ್ ಮೇಲಿದೆ, ಬುಧವಾರ ಒಂದು ಗಂಟೆ ತುಳೀತೀನಿ. ರಸ್ತೆಗೆ ಹಳೇ ರೋಡ್ ಬೈಕ್ ಒಂದನ್ನ ಮತ್ತೆ ಕೊಂಡೆ, ಮಾರಿದ್ದಕ್ಕಿಂತ ಜಾಸ್ತಿ ದುಡ್ಡು ಕೊಟ್ಟು. ಈ ಶನಿವಾರ ನಂದಿಗೆ ಹೊರಟಿದ್ದೀನಿ. ಅಮ್ಮನಿಗೆ ಇನ್ನೂ ಹೇಳಿಲ್ಲ. ಅವರು ಈ ಪಾಡ್‌ಕಾಸ್ಟ್ ಕೇಳಲ್ಲ ಅನ್ನೋದೊಂದೇ ಧೈರ್ಯ.