ಉದರದ ಬೊಜ್ಜು ಮತ್ತು ಯೂರಿಕ್ ಆಮ್ಲ

(ಶ್ರೀಮಠದ ಚಾತುರ್ಮಾಸ್ಯ ಉಪನ್ಯಾಸಮಾಲೆಯಲ್ಲಿ ಮಾಡಿದ ಭಾಷಣದ ಬರಹರೂಪ)



ಕೆಲವು ವರ್ಷಗಳ ಹಿಂದೆ, ಒಂದು ದ್ವಾದಶಿಯ ಪ್ರಾತಃಕಾಲ ಪಾರಣೆಗೆಂದು ಎದ್ದ ನನಗೆ ಬಲಗಾಲಿನ ಹೆಬ್ಬೆರಳನ್ನು ನೆಲಕ್ಕೂರಲಾಗಲಿಲ್ಲ. ಹೊದಿಕೆಯ ಅಂಚು ತಗಲಿದರೂ ಉರಿ. ವೈದ್ಯನಾದ ನನಗೆ ಇದು ಯೂರಿಕ್ ಆಮ್ಲದ ಹರಳುಗಳಿಂದಾದ ಸಂಧಿವಾತವೆಂದು ಕೂಡಲೇ ತಿಳಿಯಿತು. ಮೂಲವನ್ನು ಒಪ್ಪಿಕೊಳ್ಳಲು ಮಾತ್ರ ಬಹಳ ಕಾಲ ಹಿಡಿಯಿತು. ಅಂದಿನಿಂದ ಮನೆಯಲ್ಲಿ ತೊಗರಿಬೇಳೆ ನಿಂತಿತು. ತೊವ್ವೆಯಿಲ್ಲದ ಎಲೆಯ ಮುಂದೆ ಎಂಟು ತಿಂಗಳು ಕುಳಿತೆ. ರಕ್ತದಲ್ಲಿನ ಯೂರಿಕ್ ಆಮ್ಲ 8 ಮಿಲಿಗ್ರಾಂನಿಂದ ಕದಲಲಿಲ್ಲ, ಹೊಟ್ಟೆಯೂ ಕದಲಿರಲಿಲ್ಲ.

ಜೀವಕೋಶಗಳಲ್ಲಿರುವ ಪ್ಯೂರಿನ್ ಎಂಬ ದ್ರವ್ಯ ಒಡೆದಾಗ ಯೂರಿಕ್ ಆಮ್ಲ ಉಂಟಾಗುತ್ತದೆ. ಇದರಲ್ಲಿ ಆಹಾರದಿಂದ ಬರುವ ಪಾಲು ಕಡಿಮೆ, ದೇಹದಲ್ಲೇ ಹುಟ್ಟುವುದು ಹೆಚ್ಚು. ಸುಮಾರು ಮೂರನೆಯ ಎರಡು ಭಾಗವನ್ನು ಮೂತ್ರಪಿಂಡಗಳು ಹೊರಹಾಕುತ್ತವೆ. ರಕ್ತದ ಪ್ರತಿ ಡೆಸಿಲೀಟರಿಗೆ 6.8 ಮಿಲಿಗ್ರಾಂ ಮೀರಿದರೆ ಅದು ಹರಳುಗಟ್ಟುವ ಸಂಭವವುಂಟು. ಕರುಳುಗಳ ಸುತ್ತ ಸೇರಿದ ಕೊಬ್ಬು ಸುಮ್ಮನೆ ಬಿದ್ದಿರುವ ಗಂಟಲ್ಲ. ಅದು ಕೊಬ್ಬಿನ ಆಮ್ಲಗಳನ್ನು ಯಕೃತ್ತಿಗೆ ಹರಿಸುತ್ತದೆ; ಇನ್ಸುಲಿನ್ನಿನ ಪ್ರಭಾವ ಕುಗ್ಗಿ, ದೇಹ ಅದನ್ನು ಅಧಿಕವಾಗಿ ಸ್ರವಿಸುತ್ತದೆ. ಹೆಚ್ಚಿದ ಇನ್ಸುಲಿನ್ ಯೂರಿಕ್ ಆಮ್ಲವನ್ನು ಹೊರಬಿಡದಂತೆ ಮೂತ್ರಪಿಂಡವನ್ನು ತಡೆಯುತ್ತದೆ. ಆಯ ಹೆಚ್ಚಿ ವ್ಯಯ ಕುಗ್ಗಿದಂತಾಯಿತು.

"ನಾನು ತೆಳ್ಳಗಿದ್ದೇನೆ" ಎನ್ನುವವರೂ ಕೇಳಬೇಕು. ಪುಣೆಯ ಡಾ. ಚಿತ್ತರಂಜನ ಯಾಜ್ಞಿಕರು ಇಂಗ್ಲೆಂಡಿನ ವೈದ್ಯಮಿತ್ರ ಜಾನ್ ಯೂಡ್ಕಿನ್ನರೊಡನೆ ನಿಂತ ಛಾಯಾಚಿತ್ರವೊಂದು 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರಿಗೂ 22.3. ಆದರೆ ದೇಹದ ಕೊಬ್ಬು ಆಂಗ್ಲರಲ್ಲಿ ಶೇ. 9.1, ನಮ್ಮವರಲ್ಲಿ ಶೇ. 21.2! ಆದುದರಿಂದ ತಕ್ಕಡಿಗಿಂತ ಸೊಂಟದ ಅಳತೆಯನ್ನು ನಂಬಬೇಕು. ದಕ್ಷಿಣ ಏಷ್ಯದ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರ್ ಮಿತಿ.

ಬೇಳೆ, ಸೊಪ್ಪುಗಳ ಪ್ಯೂರಿನ್ ಈ ರೋಗವನ್ನು ಹೆಚ್ಚಿಸಲಿಲ್ಲವೆಂದೂ ಹಾಲು-ಮೊಸರು ಸೇವಿಸುವವರಲ್ಲಿ ರೋಗ ಕಡಿಮೆಯೆಂದೂ ಅಮೆರಿಕದ ಪುರುಷರನ್ನು 12 ವರ್ಷ ಗಮನಿಸಿದ ಅಧ್ಯಯನವೊಂದು 2004ರಲ್ಲಿ ತೋರಿಸಿತು. ದ್ವಿದಳ ವ್ರತವನ್ನು ಶ್ರೀಹರಿಪ್ರೀತಿಗಾಗಿ ಆಚರಿಸೋಣ. ಚಿಕಿತ್ಸೆಯೆಂದು ಎಣಿಸುವುದು ಬೇಡ. ಸಕ್ಕರೆ ಬೆಲ್ಲಗಳ ಫ್ರಕ್ಟೋಸ್ ಅಂಶವಾದರೋ ಯಕೃತ್ತಿನಲ್ಲಿ ನೇರವಾಗಿ ಯೂರಿಕ್ ಆಮ್ಲವನ್ನು ಹೆಚ್ಚಿಸುತ್ತದೆ. ಹಯಗ್ರೀವ ನೈವೇದ್ಯವನ್ನು ನಾನು ದೂಷಿಸುತ್ತಿಲ್ಲ. ಮೂರು ಬಾರಿ ಬಡಿಸಿಕೊಂಡ ನನ್ನ ನಾಲಿಗೆಯನ್ನು ದೂಷಿಸುತ್ತಿದ್ದೇನೆ.

ಏಕಾದಶಿಯ ವಿಷಯ ಸೂಕ್ಷ್ಮವಾದುದು. ನಿರಾಹಾರದಲ್ಲಿ ಹುಟ್ಟುವ ಕೀಟೋನ್‌ಗಳು ಯೂರಿಕ್ ಆಮ್ಲದ ವಿಸರ್ಜನೆಗೆ ಅಡ್ಡಿಯಾಗುತ್ತವೆ. ನಿರ್ಜಲವಾದರೆ ರಕ್ತ ಇನ್ನಷ್ಟು ಸಾಂದ್ರವಾಗುತ್ತದೆ. ನನ್ನ ಹೆಬ್ಬೆರಳು ದ್ವಾದಶಿಯಂದೇ ಊದಿದ್ದು ಆಕಸ್ಮಿಕವಲ್ಲವೆಂದು ತೋರುತ್ತದೆ. ರೋಗವಿರುವವರು ವೈದ್ಯರನ್ನೂ ಗುರುಗಳನ್ನೂ ಕೇಳಿ ನಿರ್ಧರಿಸಬೇಕು; ಜಲ, ಕ್ಷೀರ, ಔಷಧಗಳಿಂದ ವ್ರತಭಂಗವಿಲ್ಲವೆಂಬ ವಚನ ಧರ್ಮಶಾಸ್ತ್ರದಲ್ಲಿಯೇ ಉಂಟು. ಬೊಜ್ಜು ಕರಗಿಸಲು ಉಪವಾಸ ಬೀಳುವುದೂ ಇದೇ ಕಾರಣದಿಂದ ಸಲ್ಲದು; ತೂಕ ನಿಧಾನವಾಗಿ ಇಳಿಯಬೇಕು.

ನಾನು ಔಷಧ ಬಿಡಲಿಲ್ಲ, ರಾತ್ರಿಯ ಅನ್ನವನ್ನು ಅರ್ಧಮಾಡಿ ದಿನವೂ ನಡೆದೆ. ಒಂದೂವರೆ ವರ್ಷದಲ್ಲಿ ಸೊಂಟ 101ರಿಂದ 93ಕ್ಕೆ ಬಂದಿದೆ. ಇನ್ನೂ ಮೂರು ಉಳಿದಿದೆ. ತೊವ್ವೆ ಎಲೆಗೆ ಮರಳಿದೆ. ಅಳತೆಯ ಪಟ್ಟಿಯನ್ನು ಹಿಂದಿನ ಮೇಜಿನ ಮೇಲೆ ಇರಿಸಿದ್ದೇನೆ. ದಯವಿಟ್ಟು ಭೋಜನಪ್ರಸಾದಕ್ಕೆ ಮುಂಚೆಯೇ ಅಳೆಸಿಕೊಳ್ಳಿರಿ.

ಶ್ರೀಕೃಷ್ಣಾರ್ಪಣಮಸ್ತು.